ಬರ್ಗಂಡಿಯ ಕಾರಿಲ್ಲದ ದಾರಿ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ ಒಂದು ಹಳೆಯ ರೈಲು ದಾರಿಯಿದೆ. ರೈಲು ನಿಂತು ಎಷ್ಟೋ ವರ್ಷವಾದ ಮೇಲೆ ಹಳಿ ಕಿತ್ತು, ಟಾರು ಹಾಕಿ, ಸೈಕಲ್ಲಿನವರಿಗೆಂದು ಬಿಟ್ಟಿದ್ದಾರೆ. ಕಾರು ನುಗ್ಗದ ಹಾಗೆ ಅಲ್ಲಲ್ಲಿ ಗೂಟ ನೆಟ್ಟಿದ್ದಾರೆ. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಬಿಳೀ ಹಸುಗಳು, ಹಳೇ ಸ್ಟೇಷನ್ನುಗಳಲ್ಲಿ ಈಗ ಕಾಫಿ ಅಂಗಡಿ. ಇದ್ಯಾವುದನ್ನೂ ನಾನು ಕಣ್ಣಾರೆ ನೋಡಿಲ್ಲ. ಹಾಲೆಂಡಿನ ಲೈಡನ್ ಊರಿನ ನಮ್ಮ ಮನೆಯ ಸೋಫಾದ ಮೇಲೆ ಅಂಗಾತ ಬಿದ್ದುಕೊಂಡು, ನನ್ನ ಗಂಡ ಶ್ರೀಕರ ಓದಿದ್ದನ್ನೇ ಓದುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿದೆ ಅಷ್ಟೆ. ಮೇಷ್ಟ್ರು ಬೆತ್ತ ಹಿಡಿದು ನಿಂತರೂ ಮಗ್ಗಿ ನನಗೆ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

"ಕೇಳು ವಾಸು, ಇಡೀ ದಾರೀಲಿ ಒಂದೇ ಒಂದು ಕಾರ್ ಸಿಗಲ್ಲ. ಏರು ಅಂತೂ ಇಲ್ವೇ ಇಲ್ಲ. ರೈಲು ಹೋಗ್ತಿದ್ದ ದಾರಿ ಅಲ್ವಾ, ಎಲ್ಲಾ ಜೆಂಟಲ್. ಚಿಕ್ಕ ಮಕ್ಳು, ಅಜ್ಜಿಯಂದ್ರು ಎಲ್ಲಾ ಆರಾಮಾಗಿ ಹೋಗ್ತಾರೆ."

"ಹಾಗಾದ್ರೆ ಯಾವ್ದಾದ್ರೂ ಅಜ್ಜೀನೇ ಕರ್ಕೊಂಡು ಹೋಗು," ಎನ್ನುತ್ತಿದ್ದೆ.

ನನ್ನ ಮಾತು ಹೀಗೇ. ಮೈಯಲ್ಲಿ ನಾಲಿಗೆಯೊಂದು ಬಿಟ್ಟು ಉಳಿದದ್ದೆಲ್ಲ ಸುಸ್ತಾಗಿತ್ತು, ಹಾಗಾಗಿ ಇದ್ದಬದ್ದ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತಿತ್ತು. ಬಯೋಸೈನ್ಸ್ ಪಾರ್ಕಿನ ಲ್ಯಾಬೊಂದರಲ್ಲಿ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಎರಡು ಸಾವಿರದ ಇಪ್ಪತ್ತರ ನವೆಂಬರಿನಲ್ಲಿ ಕೊರೋನಾ ಬಂತು. ಜ್ವರ ಒಂದು ವಾರಕ್ಕೆ ಹೋಯಿತು. ಆಯಾಸ ಹೋಗಲಿಲ್ಲ. ತಲೆಗೆ ಸ್ನಾನ ಮಾಡಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂದು ಮರೆತು, ಸಿಂಕಿನ ಅಂಚು ಹಿಡಿದು ನಿಂತಿರುತ್ತಿದ್ದೆ. ಇಲ್ಲಿ ಹೌಸ್‌ಆರ್ಟ್ಸ್ ಎಂದರೆ ನಮ್ಮ ಬೀದಿಯ ಡಾಕ್ಟರು. ಆತ ಫೋನಿನಲ್ಲೇ ಎಲ್ಲ ಕೇಳಿಸಿಕೊಂಡು, ರೆಸ್ಟ್ ತಗೊಳ್ಳಿ, ನೀರು ಕುಡಿಯಿರಿ, ಹೊರಗೆ ಸ್ವಲ್ಪ ಓಡಾಡಿ ಅಂದ. ಅಯ್ಯಾ ಪುಣ್ಯಾತ್ಮ, ಹೊರಗೆ ಓಡಾಡುವ ಹಾಗಿದ್ದರೆ ನಿನಗ್ಯಾಕೆ ಫೋನ್ ಮಾಡುತ್ತಿದ್ದೆ ಎಂದು ಕನ್ನಡದಲ್ಲಿ ಅಂದುಕೊಂಡು, ಡಚ್ಚಿನಲ್ಲಿ ಥ್ಯಾಂಕ್ಸ್ ಹೇಳಿ ಇಟ್ಟೆ.

ಶ್ರೀಕರನ ಆಫೀಸು ಹೂಫ್‌ಡಾರ್ಪಿನಲ್ಲಿ. ವಿಮಾನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಮಾಡುವವರ ಪ್ರಾಜೆಕ್ಟ್ ಮ್ಯಾನೇಜರು. ವಿಮಾನಗಳೆಲ್ಲ ನೆಲಕ್ಕೆ ಕೂತವು, ಇವನು ಡೈನಿಂಗ್ ಟೇಬಲ್ಲಿಗೆ ಕೂತ. ಮಾಡಲು ಕೆಲಸ ಕಡಿಮೆಯಾಗಿ ನನ್ನ ಕಾಯಿಲೆಯನ್ನೇ ಪ್ರಾಜೆಕ್ಟ್ ಮಾಡಿಕೊಂಡ. ಬೆಳಿಗ್ಗೆ ಕಾಫಿ ಕೊಟ್ಟು, "ಇವತ್ತಿನ ಟಾರ್ಗೆಟ್ ಏನು? ಬ್ಲಾಕರ್ಸ್ ಏನಾದ್ರೂ ಇದ್ಯಾ?" ಎಂದು ಕೇಳುವನು. ಆಫೀಸಿನವರು ದಿನಾ ಬೆಳಿಗ್ಗೆ ನಿಂತುಕೊಂಡೇ ನಡೆಸುವ ಸ್ಟ್ಯಾಂಡಪ್ ಮೀಟಿಂಗನ್ನು ಮಲಗಿದ ಹೆಂಡತಿಯ ಜೊತೆ ಮಾಡಿದ ಗಂಡಸು ಈ ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ಆ ಪ್ರಾಜೆಕ್ಟಿನ ಕೊನೆಯ ಗುರಿಯೇ ಬರ್ಗಂಡಿ. ಆಗಸ್ಟಿನಲ್ಲಿ ಆ ದಾರಿಯಲ್ಲಿ ನಾನು ಸೈಕಲ್ ತುಳಿದರೆ ನನಗೆ ವಾಸಿಯಾದಂತೆ.

ಕೆಟ್ಟವನಲ್ಲ. ಅಡುಗೆ ಅವನದು, ಪಾತ್ರೆ ಅವನದು, ಮಗಳು ಸಮೀಕ್ಷಾಳ ಆನ್‌ಲೈನ್ ಸ್ಕೂಲೂ ಅವನದೇ. ಕಣ್ಣ ಕೆಳಗೆ ನನಗಿಂತ ಕಪ್ಪು ಅವನಿಗಿತ್ತು. ಏನನ್ನಾದರೂ ಎದುರು ನೋಡದೆ ಬದುಕುವುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಎದುರು ನೋಡುವುದೂ ಒಂದು ಕೆಲಸವೇ ಎನ್ನುವುದು ನನಗೆ ಆಗ ಗೊತ್ತಾಯಿತು.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಬೈಯುತ್ತ ಬೈಯುತ್ತಲೇ ನನಗೆ ಆ ದಾರಿ ಹಿಡಿಸಿಬಿಟ್ಟಿತ್ತು. ಅಲ್ಲೊಂದು ಉದ್ದನೆಯ ಸುರಂಗವಿದೆಯಂತೆ. ಚಳಿಗಾಲದಲ್ಲಿ ಅದನ್ನು ಮುಚ್ಚಿಬಿಡುತ್ತಾರಂತೆ, ಯಾಕೆಂದರೆ ಒಳಗೆ ಬಾವಲಿಗಳು ಮಲಗಿರುತ್ತವೆ, ಅವುಗಳ ನಿದ್ದೆ ಕೆಡಬಾರದು. ಸೈಕಲ್ಲಿನವರು ಬೇಕಾದರೆ ಗುಡ್ಡ ಹತ್ತಿ ಸುತ್ತಿಕೊಂಡು ಹೋಗಲಿ. ಇದನ್ನು ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ಒಂದು ಬಾವಲಿಗೆ ಸಿಗುವ ಮರ್ಯಾದೆ ನನಗೆ ಸಿಗುತ್ತಿಲ್ಲವಲ್ಲ ಎಂದು ಅವತ್ತು ನಿಜವಾಗಿ ಅತ್ತೆ. ಶ್ರೀಕರ ಗಾಬರಿಯಾಗಿ ಲ್ಯಾಪ್‌ಟಾಪ್ ಮುಚ್ಚಿದ.

ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಫ್ರಾನ್ಸಲ್ಲ, ಭಾನುವಾರ. ಮೈಸೂರಿನ ಸರಸ್ವತಿಪುರಂನಲ್ಲಿ ನನ್ನ ಅಮ್ಮ ಲೀಲಮ್ಮ, ಅಪ್ಪ ಈಶ್ವರಪ್ಪ ಇಬ್ಬರೇ ಇರುವುದು. ಪ್ರತಿ ಭಾನುವಾರ ವೀಡಿಯೋ ಕಾಲ್. ನನಗೆ ಕೊರೋನಾ ಬಂದು ಹೋದದ್ದು ಅವರಿಗೆ ಗೊತ್ತಿತ್ತು. ಹೋಗಿಲ್ಲದ್ದು ಗೊತ್ತಿರಲಿಲ್ಲ. "ಅತ್ತೆಗೆ ಬಿಪಿ ಇದೆ, ಗೊತ್ತಾದ್ರೆ ಸುಮ್ನೆ ಕೊರಗ್ತಾರೆ, ಫ್ಲೈಟೂ ಇಲ್ಲ, ಬರೋಕೂ ಆಗಲ್ಲ," ಎಂದು ಶ್ರೀಕರ ಹೇಳಿದ, ನಾನೂ ಹೂಂ ಎಂದೆ. ಅವತ್ತಿನಿಂದ ಭಾನುವಾರ ಬಂತೆಂದರೆ ವೇಷ. ತಲೆ ಬಾಚಿ, ಕುಂಕುಮ ಇಟ್ಟು, ಒಳ್ಳೆಯ ಕುರ್ತಾ ಹಾಕಿಕೊಂಡು, ಬೆನ್ನಿಗೆ ದಿಂಬು ಕೊಟ್ಟು ಅದು ಕಾಣದ ಹಾಗೆ ಕೂರುತ್ತಿದ್ದೆ. ಅಮ್ಮನೂ ರೇಷ್ಮೆ ಅಂಚಿನ ಸೀರೆಯುಟ್ಟು, ಹೂ ಮುಡಿದು, ಮದುವೆ ಮನೆಗೆ ಹೊರಟವಳ ಹಾಗೆ ಕೂರುತ್ತಿದ್ದಳು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಫೋನ್ ಇಟ್ಟ ಮೇಲೆ ನಾನು ಬುಧವಾರದವರೆಗೂ ಹಾಸಿಗೆ.

ನನಗೆ ಬೇಕಾಗಿದ್ದು ಒಂದೇ. ಅಮ್ಮನ ಮುಂದೆ ಮಲಗಬೇಕು. ಅಮ್ಮ, ನಂಗೆ ಆಗ್ತಾ ಇಲ್ಲ ಎನ್ನಬೇಕು. ನಲವತ್ತು ದಾಟಿದವಳಿಗೆ ಇದೆಂಥ ಆಸೆ ಎಂದು ಯಾರಾದರೂ ನಗಲಿ, ನನಗೇನೂ ಇಲ್ಲ. ಡಾಕ್ಟರು, ಲ್ಯಾಬಿನ ಬಾಸು, ಗಂಡ, ಎಲ್ಲರಿಗೂ ಹೇಳಿದ್ದೆ. ಹೇಳಬೇಕಾದವಳಿಗೆ ಹೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಅದಕ್ಕೂ ಕಲ್ಲು ಬಿತ್ತು. ಶ್ರೀಕರ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿಯೇಬಿಟ್ಟ: ವಾಸಂತಿ ಫುಲ್ ಫಿಟ್, ಆಗಸ್ಟಿನಲ್ಲಿ ಫ್ರಾನ್ಸ್ ಸೈಕಲ್ ಟೂರ್. ಕೆಳಗೆ ತೋಳು ಉಬ್ಬಿಸಿದ ಚಿತ್ರ. ಅರ್ಧ ಗಂಟೆಯಲ್ಲಿ ಇಡೀ ಬಳಗ ಕೈಮುಗಿಯಿತು, ಹೂಗುಚ್ಛ ಕಳಿಸಿತು.

"ಯಾರನ್ನ ಕೇಳಿ ಹಾಕ್ದೆ?" ಎಂದು ರೇಗಿದೆ.

"ಎಲ್ರಿಗೂ ಹೇಳ್ಬಿಟ್ರೆ ಒಂದು ಕಮಿಟ್‌ಮೆಂಟ್ ಇರತ್ತಲ್ಲ," ಅಂದ. ಅವನ ಆಫೀಸಿನಲ್ಲಿ ಹಾಗೇ ಅಂತೆ, ಮೊದಲು ದಿನಾಂಕ ಘೋಷಿಸುವುದು, ಆಮೇಲೆ ಕೆಲಸ ಮಾಡುವುದು.

ಜೂನಿನಲ್ಲಿ ಟ್ರಯಲ್ ನಡೆಯಿತು. ಊರಾಚೆಯ ಕಾಲುವೆ ದಂಡೆಯ ಮೇಲೆ ಎರಡು ಸೇತುವೆ ದಾಟುವವರೆಗೆ ಚೆನ್ನಾಗಿಯೇ ತುಳಿದೆ. ಗಾಳಿಯೂ ಬೆನ್ನಿಗಿತ್ತು. ವಾಪಸು ತಿರುಗಿದಾಗ ಗಾಳಿ ಎದುರಾಯಿತು, ಕಾಲು ನನ್ನದಲ್ಲದಂತಾಯಿತು. ಇಲ್ಲಿ ಅಪ್ಪಂದಿರು ಪಕ್ಕದಲ್ಲಿ ಸೈಕಲ್ ಹೊಡೆಯುತ್ತಲೇ ಮಕ್ಕಳ ಬೆನ್ನಿಗೆ ಕೈಯಿಟ್ಟು ತಳ್ಳುತ್ತಾರೆ. ಶ್ರೀಕರ ನನ್ನನ್ನು ಹಾಗೆ ತಳ್ಳಿಕೊಂಡು ಮನೆ ಮುಟ್ಟಿಸಿದ. ಮಾರನೇ ದಿನದಿಂದ ವಾರಪೂರ್ತಿ ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದೆ, ಬೆಳಕು ಕಂಡರೆ ವಾಂತಿ. ಅವನು ಬಾಗಿಲ ಬಳಿ ಬಂದು ನಿಂತು, "ಕ್ಯಾನ್ಸಲ್ ಮಾಡ್ದೆ," ಅಂದ. ಬೈಯಬೇಕೆನಿಸಲಿಲ್ಲ, ಪಾಪ ಅನಿಸಿತು.

"ಈಗ್ಲಾದ್ರೂ ಅಮ್ಮಂಗೆ ಹೇಳೋಣ, ಶ್ರೀ."

"ಹೇಳೋಣ. ಆದ್ರೆ ಈಗ್ಲೇ ಬೇಡ. ಈ ಸೆಕೆಂಡ್ ವೇವ್‌ನಲ್ಲಿ ಅಲ್ಲಿ ಎಲ್ಲಾ ಏನೇನು ನೋಡಿದಾರೋ. ನಿನ್ನ ಫ್ರಾನ್ಸ್ ಒಂದೇ ಅವ್ರಿಗೆ ಒಳ್ಳೆ ನ್ಯೂಸ್. ಮುಂದಿನ ತಿಂಗ್ಳು ಹೇಳೋಣ."

ಮುಂದಿನ ತಿಂಗಳು ಬಂತು, ಹೋಯಿತು. ಆಗಸ್ಟ್ ಬಂತು. ಹೊರಟ್ರಾ, ತಲುಪಿದ್ರಾ, ಫೋಟೋ ಎಲ್ಲಿ ಎಂದು ಗ್ರೂಪಿನಲ್ಲಿ ಶುರುವಾಯಿತು. ಆಗ ಶ್ರೀಕರನಿಗೆ ಆ ಘನಂದಾರಿ ಐಡಿಯಾ ಬಂದದ್ದು.

"ನೂರ್ಡ್‌ವೈಕ್ ಹತ್ರ ಮರಳುಗುಡ್ಡಗಳ ಮಧ್ಯೆ ಪೈನ್ ಮರಗಳಿವೆ. ಸೈಕಲ್ ದಾರಿ, ಒಂದು ಕಾರೂ ಬರಲ್ಲ. ನಾಕು ಫೋಟೋ ತೆಗೆದು ಹಾಕೋಣ. ಹಾಲೆಂಡೋ ಫ್ರಾನ್ಸೋ, ಮೈಸೂರಲ್ಲಿ ಯಾರಿಗೆ ಗೊತ್ತಾಗತ್ತೆ?"

ಬೇಡ ಎನ್ನಬೇಕಿತ್ತು. ಬೇಡ ಎಂದರೆ ವಾದ ಮಾಡಬೇಕು, ವಾದ ಮಾಡಲು ತ್ರಾಣ ಬೇಕು. ಹೋಗುವುದೇ ಸುಲಭ ಅನಿಸಿತು.

ಶನಿವಾರ ನಾನು ಮಾಸ್ಕ್ ಹಾಕಿಕೊಂಡು ಬಸ್ಸಿನಲ್ಲಿ, ಅಪ್ಪ ಮಗಳು ಸೈಕಲ್ಲಿನಲ್ಲಿ ಹೋದೆವು. ಸ್ಟಾಪಿನಿಂದ ಮುಂದಕ್ಕೆ ಶ್ರೀಕರನ ಸೈಕಲ್ಲಿನ ಹಿಂದೆ, ಕ್ಯಾರಿಯರ್ ಮೇಲೆ ಒಂದು ಕಡೆ ಕಾಲು ಬಿಟ್ಟು ಕೂತೆ. ಜಾಗ ಚೆನ್ನಾಗಿತ್ತು. ಪೈನ್ ಮರಗಳ ನಡುವೆ ಸಣ್ಣ ದಾರಿ, ಸಮುದ್ರ ಕಾಣದಿದ್ದರೂ ಸದ್ದು ಕೇಳುತ್ತಿತ್ತು. ಚೀಲದಿಂದ ಅವನು ಒಂದೊಂದೇ ಸಾಮಾನು ತೆಗೆದ. ಫ್ರಾನ್ಸ್ ಅನಿಸಲಿ ಎಂದು ಸೂಪರ್‌ಮಾರ್ಕೆಟ್ಟಿನ ಉದ್ದನೆಯ ಬ್ರೆಡ್ಡು. ಆಮೇಲೆ ಮೂರು ಹೆಲ್ಮೆಟ್.

ಹೆಲ್ಮೆಟ್ ನೋಡಿ ಸಮೀಕ್ಷಾಳ ಮುಖ ಕೆಂಪಾಯಿತು. ಈ ದೇಶದಲ್ಲಿ ಮಾಮೂಲಿ ಸೈಕಲ್ ಮೇಲೆ ಹೆಲ್ಮೆಟ್ ಹಾಕುವವರು ಜರ್ಮನ್ ಟೂರಿಸ್ಟರು ಮಾತ್ರ ಎಂಬುದು ಇಲ್ಲಿನ ಮಕ್ಕಳ ನಂಬಿಕೆ. ಹದಿಮೂರರ ಹುಡುಗಿಗೆ ಅದಕ್ಕಿಂತ ಅವಮಾನ ಬೇರೆಯಿಲ್ಲ.

"ಪಪ್ಪಾ, ನೋ ವೇ! ನನ್ ಕ್ಲಾಸ್‌ನವ್ರು ಯಾರಾದ್ರೂ ನೋಡಿದ್ರೆ ಐ ವಿಲ್ ಡೈ."

"ಫ್ರಾನ್ಸಲ್ಲಿ ಟೂರ್ ಮಾಡೋರು ಹಾಕ್ತಾರೆ. ಫೋಟೋ ನ್ಯಾಚುರಲ್ ಆಗಿರ್ಬೇಕು."

"ದಿಸ್ ಈಸ್ ನಾಟ್ ಫ್ರಾನ್ಸ್!"

"ಅದನ್ನೇ ಮೆಲ್ಲಗೆ ಹೇಳು," ಎಂದೆ ನಾನು.

ದಾರಿಯ ಪಕ್ಕ ಅಣಬೆಯ ಆಕಾರದ ಒಂದು ಗಿಡ್ಡ ಕಲ್ಲಿತ್ತು. ಯಾವ ಊರು ಯಾವ ಕಡೆ ಎಂದು ಅದರ ಮೇಲೆ ಡಚ್ಚಿನಲ್ಲಿ ಬರೆದಿರುತ್ತದೆ. ಅದು ಫೋಟೋದಲ್ಲಿ ಬೀಳಬಾರದೆಂದು ಸಮೀಕ್ಷಾಳನ್ನು ಅದರ ಮೇಲೆ ಕೂರಿಸಿದ. ಅವಳು ಸಿಟ್ಟಿನಲ್ಲಿ ಅರ್ಧ ಬ್ರೆಡ್ಡು ತಿಂದು ಮುಗಿಸಿದಳು. ಅವಳ ಸೈಕಲ್ಲನ್ನು ಹಿಡಿದು ನಾನು ನಿಂತೆ, ಒಂದು ಕಾಲು ಪೆಡಲ್ಲಿನ ಮೇಲೆ. "ಫೋಟೋಲಿ ಮರಳು ಬೀಳ್ತಿದೆ, ಎಡಕ್ಕೆ ಬಾ. ನಗು. ಹಲ್ಲು ಕಾಣೋ ಹಾಗೆ ನಗು." ನಕ್ಕೆ. ಒಂದು ಡಚ್ ಮುದುಕ ಮುದುಕಿ ಜೋಡಿ ಸೈಕಲ್ಲಿನಲ್ಲಿ ಹಾದುಹೋಗುತ್ತ, ಗೂಟನ್ ಟಾಗ್ ಎಂದು ಜರ್ಮನ್‌ನಲ್ಲಿ ನಮಸ್ಕಾರ ಹೇಳಿ ಹೋದರು. ಸಮೀಕ್ಷಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನನ್ನ ಫೋನಿನಿಂದಲೇ ಕಳಿಸಿದರೆ ಚೆಂದ ಎಂದು ಶ್ರೀಕರ ನನ್ನ ಫೋನಿನಲ್ಲೇ ತೆಗೆದು ಗ್ರೂಪಿಗೆ ಹಾಕಿ, ಮಗಳ ಕೈಗೆ ಕೊಟ್ಟ. ಅಷ್ಟು ಹೊತ್ತು ನಿಂತದ್ದೇ ನನಗೆ ಹೆಚ್ಚಾಗಿತ್ತು. ಸೈಕಲ್ಲನ್ನು ಅವನ ಕಡೆ ದೂಡಿ, ಪೈನ್ ಎಲೆ ಬಿದ್ದ ನೆಲದ ಮೇಲೆ ಹಾಗೇ ಉದ್ದಕ್ಕೆ ಮಲಗಿಬಿಟ್ಟೆ. ಹೆಲ್ಮೆಟ್ ಬಿಚ್ಚಲೂ ಕೈ ಏಳಲಿಲ್ಲ. ಸಾಕಪ್ಪಾ ಸಾಕು, ಈ ಜನ್ಮಕ್ಕೆ ಇಷ್ಟು ಸಾಕು ಅನಿಸಿತು.

ಆಗ ಫೋನ್ ಬಡಿದುಕೊಂಡಿತು. ನಾನು ಬೇಡ ಎನ್ನುವಷ್ಟರಲ್ಲಿ ಸಮೀಕ್ಷಾ, "ಹಾಯ್ ತಾತಾ!" ಅಂದಿದ್ದಳು. ಅಪ್ಪನ ದನಿ ಕಾಡಿಗೆಲ್ಲ ಕೇಳುವಂತೆ ಬಂತು. "ಅಯ್ಯೋ, ಫೋಟೋ ದೊಡ್ಡದು ಮಾಡಕ್ಕೆ ಹೋದೆ, ಏನೋ ಒತ್‌ಬಿಟ್ಟೆ ಕಣೇ ಲೀಲಾ. ಇದೇನು ಮಗು ಮುಖ ಬಂತು. ನೋಡೇ, ನೀನೇ ನೋಡು."

"ಅಜ್ಜಿ, ಮಮ್ಮಾ ಇಲ್ಲೇ ಇದಾಳೆ, ನೋಡಿ," ಎಂದು ಸಮೀಕ್ಷಾ ಫೋನನ್ನು ನನ್ನ ಮುಖದ ಮೇಲೆ ಹಿಡಿದಳು. ಅಲ್ಲಿ ಅಪ್ಪನೂ ಅದೇ ಹೊತ್ತಿಗೆ ಫೋನನ್ನು ಅಮ್ಮನ ಕಡೆ ತಿರುಗಿಸಿದ್ದರು.

ಅಮ್ಮ ನಡುಮನೆಯಲ್ಲಿ ಮಂಚದ ಮೇಲೆ ಮಲಗಿದ್ದಳು. ನಡುಮನೆಯಲ್ಲಿ ಮಂಚ ಯಾವತ್ತೂ ಇರಲಿಲ್ಲ. ನೈಟಿ, ಬಿಚ್ಚಿದ ಕೂದಲು, ಬುಡವೆಲ್ಲ ಬೆಳ್ಳಗೆ. ಮೂಗಿನಲ್ಲಿ ಎರಡು ಕೊಳವೆ. ಮಂಚದ ಪಕ್ಕ ಒಂದು ಬಿಳೀ ಯಂತ್ರ ಬುಸುಗುಡುತ್ತಿತ್ತು.

ನಾನು ನೋಡಿದೆ, ಅವಳೂ ನೋಡಿದಳು. "ಕಟ್ ಮಾಡಿ, ಕಟ್ ಮಾಡ್ರೀ," ಎಂದು ಅಮ್ಮ ಕೈಯಿಂದ ಮೂಗು ಮುಚ್ಚಿಕೊಂಡಳು. ಈ ಕಡೆ ಶ್ರೀಕರ ಓಡಿ ಬಂದು ಫೋನಿಗೆ ಕೈ ಹಾಕಿದ. "ನೆಟ್‌ವರ್ಕ್ ಹೋಯ್ತು ಅಂತ ಆಮೇಲೆ ಹೇಳೋಣ," ಎಂದು ಪಿಸುಗುಟ್ಟಿದ.

"ಕೈ ತೆಗಿಯೋ!" ಎಂದು ಕಿರುಚಿದೆ. ನನ್ನಲ್ಲಿ ಅಷ್ಟು ದನಿ ಉಳಿದಿತ್ತೆಂದು ನನಗೇ ಗೊತ್ತಿರಲಿಲ್ಲ. ಅವನು ಕೈ ಎಳೆದುಕೊಂಡ. ಮಗಳ ಕೈಯಿಂದ ಫೋನ್ ಇಸಿದುಕೊಂಡು ಎದೆಯ ಮೇಲೆ ನಿಲ್ಲಿಸಿಕೊಂಡೆ.

"ಅಮ್ಮ, ಏನದು ಮೂಗಲ್ಲಿ?"

"ನೀನ್ಯಾಕೆ ನೆಲದ ಮೇಲೆ ಬಿದ್ದಿದೀಯಾ? ಸೈಕಲ್ಲಿಂದ ಬಿದ್ಯಾ?"

"ಬಿದ್ದಿಲ್ಲ. ನಾನು ಸೈಕಲ್ಲೇ ತುಳಿದಿಲ್ಲ. ಇದು ಫ್ರಾನ್ಸ್ ಅಲ್ಲಮ್ಮ, ಮನೆ ಹತ್ರದ ಜಾಗ. ನಂಗೆ ಹುಷಾರಾಗೇ ಇಲ್ಲ. ನವೆಂಬರಿಂದ ಒಂದು ದಿನಾನೂ ಆಗಿಲ್ಲ. ಕೂತ್ರೆ ಸುಸ್ತು, ನಿಂತ್ರೆ ಸುಸ್ತು. ನಿನ್ ಹತ್ರ ಸುಳ್ಳು ಹೇಳಿ ಹೇಳಿ ಅದಕ್ಕಿಂತ ಜಾಸ್ತಿ ಸುಸ್ತಾಗೋಯ್ತು. ನಂಗಾಗ್ತಾ ಇಲ್ಲಮ್ಮ."

ಹೇಳಿಬಿಟ್ಟೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

ಮಾತಾಡಿದ್ದು ಅಪ್ಪ. ಮೇ ತಿಂಗಳಲ್ಲಿ ಅಮ್ಮನಿಗೆ ಕೊರೋನಾ ಬಂದಿತ್ತಂತೆ. ಬೆಡ್ಡಿಗಾಗಿ ಅಪ್ಪ ಊರೆಲ್ಲ ಅಲೆದರಂತೆ. ಐಸಿಯು ಆಯಿತಂತೆ, ಬದುಕಿದ್ದೇ ಹೆಚ್ಚಂತೆ. ಶ್ವಾಸಕೋಶ ಇನ್ನೂ ಸರಿಹೋಗಿಲ್ಲ, ಅದಕ್ಕೆ ಮನೆಯಲ್ಲೇ ಆಕ್ಸಿಜನ್. "ನಿಂಗೆ ಹೇಳೋಣ ಅಂತ ನಾನಂದೆ. ಇವ್ಳೇ ಬಿಡ್ಲಿಲ್ಲ. ಮಗು ಈಗಷ್ಟೇ ಸುಧಾರಿಸ್ಕೊಂಡಿದೆ, ಫ್ರಾನ್ಸ್ ಗೀನ್ಸ್ ಅಂತ ಖುಷೀಲಿದೆ, ಹೇಳಿದ್ರೆ ಎಲ್ಲಾ ಬಿಟ್ಟು ಒದ್ದಾಡತ್ತೆ ಅಂದ್ಳು."

ಮೇ ತಿಂಗಳು. ಅಪ್ಪನ ಫೋನು ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇವೆ ಎಂದು ಎರಡು ಭಾನುವಾರ ಕಾಲ್ ಇರಲಿಲ್ಲ. ಸದ್ಯ, ಬದುಕಿದೆ, ಈ ವಾರ ಕೂರಬೇಕಿಲ್ಲ ಎಂದು ನಾನು ಪರದೆ ಎಳೆದು ಮಲಗಿದ್ದೆ. ನನ್ನ ಅಮ್ಮ ಉಸಿರಿಗೆ ಒದ್ದಾಡುತ್ತಿದ್ದಾಗ ನಾನು ಸದ್ಯ ಅಂದುಕೊಂಡಿದ್ದೆ. ಶ್ರೀಕರನ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು, ಆ ಮಂಚದ ಮೇಲಿನ ಹಟಮಾರಿಯ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು.

"ಮತ್ತೆ ಭಾನುವಾರ ಸೀರೆ ಉಟ್ಕೊಂಡು ಕೂತ್ಕೋತಿದ್ಯಲ್ಲಮ್ಮ? ಹೂ ಬೇರೆ!"

"ಆಗ ಕೊಳವೆ ತೆಗೆದಿಡ್ತಿದ್ವಿ," ಅಂದರು ಅಪ್ಪ. "ಕೂದ್ಲಿಗೆ ಬಣ್ಣ ಹಚ್ಚಿ, ಕುರ್ಚೀಲಿ ಕೂರ್ಸಿ, ಮಿಷನ್ ಕಾಣದ ಹಾಗೆ ನಾನು ಫೋನ್ ಹಿಡೀತಿದ್ದೆ. ನೀನು ಫೋನ್ ಇಟ್ಟ ತಕ್ಷಣ ಇವ್ಳಿಗೆ ತುಟಿ ಎಲ್ಲಾ ನೀಲಿ. ಆಮೇಲೆ ಎರಡು ದಿನ ಏಳ್ತಿರ್ಲಿಲ್ಲ. ಹೋದ್ ವಾರ ಬಣ್ಣ ಹಚ್ಚಕ್ಕೂ ತ್ರಾಣ ಇಲ್ಲ ಅಂತ ತಲೆ ತುಂಬ ಸೆರಗು ಹೊದ್ಕೊಂಡು ಕೂತ್ಳು."

ಶ್ರೀಕರ ದಾರಿಯ ಮಧ್ಯದಲ್ಲೇ ಕುಕ್ಕರಿಸಿ ಕೂತ. ಅವನ ಯಾವ ಪ್ಲಾನಿನಲ್ಲೂ ಇದಕ್ಕೆ ಜಾಗ ಇರಲಿಲ್ಲ. ಸೈಕಲ್ಲಿನವರು ಗಂಟೆ ಬಾರಿಸಿ, ಅವನನ್ನು ಬಳಸಿಕೊಂಡು ಹೋದರು. ಸಮೀಕ್ಷಾ ಬಂದು ನನ್ನ ಗಲ್ಲದ ಕೆಳಗಿನ ಬಕಲ್ ಬಿಚ್ಚಿ, ಹೆಲ್ಮೆಟ್ ತೆಗೆದಳು.

"ಯಾಕಮ್ಮ ಹೀಗ್ಮಾಡ್ದೆ?" ಎಂದು ಕೇಳಿದೆ. ಬೈಯಲೆಂದು ಬಾಯಿ ತೆರೆದದ್ದು, ಅಳುವಾಗಿ ಬಂತು.

ಅಮ್ಮ ಕೈಯನ್ನು ಮೂಗಿನಿಂದ ತೆಗೆದಳು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ನೀನು ಅಷ್ಟು ಚೆನ್ನಾಗಿ ಕೂತ್ಕೋತಿದ್ಯಲ್ಲೇ. ಬೆನ್ನು ನೆಟ್ಟಗೆ ಮಾಡ್ಕೊಂಡು, ನಗ್ತಾ ನಗ್ತಾ. ಅದನ್ನ ನೋಡಿ ನಾನೂ ಕೂತ್ಕೋತಿದ್ದೆ. ಮಗಳಿಗೆ ಆಗತ್ತೆ, ನಂಗ್ಯಾಕಾಗಲ್ಲ ಅಂತ."

ವಾರ ವಾರವೂ ಅವಳನ್ನು ಮಂಚದಿಂದ ಎಬ್ಬಿಸಿ, ಉಸಿರು ಕಿತ್ತು, ಕುರ್ಚಿಯಲ್ಲಿ ಕೂರಿಸುತ್ತಿದ್ದದ್ದು ನಾನು. ನನ್ನನ್ನು ಕೂರಿಸುತ್ತಿದ್ದದ್ದು ಅವಳು. ಫೋನನ್ನು ಎದೆಯಿಂದ ತೆಗೆದು ಪಕ್ಕದ ಎಲೆಯ ಮೇಲಿಟ್ಟು, ನಾನೂ ಅದರ ಕಡೆ ಹೊರಳಿ ಮಲಗಿದೆ. ಅಮ್ಮನೂ ಅಪ್ಪನಿಗೆ ಹೇಳಿ ಫೋನನ್ನು ದಿಂಬಿನ ಪಕ್ಕ ಇಡಿಸಿಕೊಂಡಳು. ಈಗ ನನಗೆ ಅವಳ ಒಂದು ಕಣ್ಣು, ಅರ್ಧ ಕೆನ್ನೆ, ಕೊಳವೆಯ ತುದಿ ಇಷ್ಟೇ ಕಾಣುತ್ತಿತ್ತು. ಅವಳಿಗೆ ನನ್ನದು ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ.

"ಬೆನ್ನಿಗೆ ಏನೂ ಚುಚ್ತಿಲ್ವಾ ಅಲ್ಲಿ?" ಎಂದಳು.

"ಇಲ್ಲಮ್ಮ. ಮೆತ್ತಗಿದೆ."

ಅಮ್ಮ ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಬಂತೇನೋ ಎಂದುಕೊಂಡೆ.

"ವಾಸು," ಅಂದಳು ಕಣ್ಣು ಮುಚ್ಚಿಯೇ. "ಇನ್ಮೇಲೆ ಭಾನುವಾರ ಫೋನ್ ಮಾಡ್ಬೇಡ."

"ಮತ್ತೆ?"

"ಮಲ್ಕೊಂಡಿರ್ತೀಯಲ್ಲ, ಆಗ ಮಾಡು."